20,000 ಮಕ್ಕಳಿಗಿಂತ 50 ಅವಳಿ ಜೋಡಿ ಸಾಕು ಎಂದವರು: ‘ಸ್ಟೂಡೆಂಟ್’ ಹೆಸರಿನ ಹಿಂದಿದ್ದ ಗಾಸೆಟ್

ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಕಾಣಿಸುತ್ತದೆ. ಈ ಪುಡಿಯನ್ನು ಹಾಲಿಗೆ ಹಾಕಿ ಕುಡಿದ ಮಕ್ಕಳು ಕುಡಿಯದ ಮಕ್ಕಳಿಗಿಂತ ಎತ್ತರ ಬೆಳೆದರಂತೆ. ಈ ಕಷಾಯ ಕುಡಿದವರ ಸಕ್ಕರೆ ಇಳಿಯಿತಂತೆ. ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿ ಸಾಬೀತಾಗಿದೆ. ಸಾವಿರಾರು ಎಂಬ ಪದ ಓದಿದ ಕೂಡಲೇ ನಮ್ಮ ಅನುಮಾನ ಅರ್ಧ ಕರಗಿಬಿಡುತ್ತದೆ.

ಹೋಲಿಕೆ ಸರಿಯಿಲ್ಲದಿದ್ದರೆ ಸಾವಿರಾರು ಜನರಿದ್ದರೂ ಪ್ರಯೋಜನವಿಲ್ಲ, ಹೋಲಿಕೆ ಸರಿಯಿದ್ದರೆ ಹತ್ತೇ ಜನ ಸಾಕಾಗಬಹುದು. ಇದನ್ನು ಲೆಕ್ಕ ಸಮೇತ ತೋರಿಸಿಕೊಟ್ಟವರು ವಿಲಿಯಂ ಸೀಲಿ ಗಾಸೆಟ್. ಅವರು ಪ್ರೊಫೆಸರ್ ಆಗಿರಲಿಲ್ಲ, ಬಿಯರ್ ಕಂಪನಿಯ ಉದ್ಯೋಗಿ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಸ್ಟೂಡೆಂಟ್ಸ್ ಟಿ ಟೆಸ್ಟ್ ನೆನಪಿರಬಹುದು. ಅದು ವಿದ್ಯಾರ್ಥಿಗಳಿಗಾಗಿ ಮಾಡಿದ ಪರೀಕ್ಷೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಸ್ಟೂಡೆಂಟ್ ಎಂಬುದು ಗಾಸೆಟ್ ಇಟ್ಟುಕೊಂಡಿದ್ದ ಗುಪ್ತನಾಮ.

ಬಿಯರ್ ಕಂಪನಿಗೆ ಬಂದ ರಸಾಯನಶಾಸ್ತ್ರಜ್ಞ

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ವಿಂಚೆಸ್ಟರ್‌ನಲ್ಲಿ ಶಾಲೆ, ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ. ಓದು ಮುಗಿಸಿ 1899ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದರು. ಹೌದು, ನಮಗೆಲ್ಲ ಗೊತ್ತಿರುವ ಗಿನ್ನೆಸ್ ದಾಖಲೆ ಪುಸ್ತಕವನ್ನು ಮುಂದೆ 1955ರಲ್ಲಿ ಹೊರತಂದದ್ದೂ ಇದೇ ಕಂಪನಿ.

ಆ ಕಾಲದಲ್ಲಿ ಗಿನ್ನೆಸ್ ವಿಜ್ಞಾನ ಓದಿದ ಯುವಕರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಯಾವ ಬಾರ್ಲಿ ತಳಿ ಹೆಚ್ಚು ಇಳುವರಿ ಕೊಡುತ್ತದೆ, ಯಾವುದರಿಂದ ಒಳ್ಳೆಯ ಮಾಲ್ಟ್ ಬರುತ್ತದೆ, ಯಾವ ಹಾಪ್ಸ್ ಹೂವು ಮೇಲು ಎಂಬ ಪ್ರಶ್ನೆಗಳಿಗೆ ಅನುಭವದ ಮಾತಿನ ಬದಲು ಅಂಕಿಗಳಲ್ಲಿ ಉತ್ತರ ಬೇಕಿತ್ತು. ಕಷ್ಟ ಏನೆಂದರೆ, ಬಾರ್ಲಿ ವರ್ಷಕ್ಕೆ ಒಂದೇ ಬೆಳೆ. ಪ್ರಯೋಗಕ್ಕೆ ಸಿಗುವ ಹೊಲಗಳು ನಾಲ್ಕೋ ಆರೋ. ಒಂದು ಹೊಲದ ಮಣ್ಣು ಇನ್ನೊಂದರಂತಿಲ್ಲ, ಈ ವರ್ಷದ ಮಳೆ ಹೋದ ವರ್ಷದಂತಿಲ್ಲ. ಒಂದು ತಳಿ ಎರಡು ಚೀಲ ಹೆಚ್ಚು ಕೊಟ್ಟಿತು ಅಂದರೆ ಅದು ತಳಿಯ ಗುಣವೋ, ಮಣ್ಣಿನ ಅದೃಷ್ಟವೋ?

ಆಗಿನ ಸಂಖ್ಯಾಶಾಸ್ತ್ರದ ಸೂತ್ರಗಳು ನೂರಾರು, ಸಾವಿರಾರು ಅಳತೆಗಳಿದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ನಾಲ್ಕು ಹೊಲದ ಲೆಕ್ಕಕ್ಕೆ ಅವು ಸಲ್ಲುತ್ತಿರಲಿಲ್ಲ. ಗಾಸೆಟ್ 1904ರಲ್ಲಿ ಕಂಪನಿಗೆ ಈ ಬಗ್ಗೆ ಒಂದು ವರದಿ ಬರೆದರು. 1905ರಲ್ಲಿ ಆ ಕಾಲದ ದೊಡ್ಡ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರನ್ನು ಭೇಟಿಯಾದರು. 1906-07ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಪಿಯರ್ಸನ್ ಪ್ರಯೋಗಾಲಯದಲ್ಲಿ ಕೂತು ಕಲಿತರು. ಮದುವೆಯಾದದ್ದೂ 1906ರಲ್ಲೇ.

3,000 ರಟ್ಟಿನ ಚೂರು: ಕಂಪ್ಯೂಟರ್ ಇಲ್ಲದ ಸಿಮ್ಯುಲೇಷನ್

ಸಣ್ಣ ಸಂಖ್ಯೆಯ ಅಳತೆಗಳಿಂದ ಬರುವ ಸರಾಸರಿಯನ್ನು ಎಷ್ಟು ನಂಬಬಹುದು? ಇದಕ್ಕೆ ಗಾಸೆಟ್ ಒಂದು ಸೂತ್ರ ಕಂಡುಕೊಂಡರು. ಆದರೆ ಅದು ಸರಿಯೇ ಎಂದು ಪರೀಕ್ಷಿಸಬೇಕಿತ್ತು. ಅದಕ್ಕೆ ಅವರು ಹಿಡಿದ ದಾರಿ ಇಂದಿಗೂ ಅಚ್ಚರಿ ತರಿಸುತ್ತದೆ.

ಇಂಗ್ಲೆಂಡಿನ 3,000 ಕೈದಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದದ ಅಳತೆಗಳು ಒಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಗಾಸೆಟ್ ಒಬ್ಬೊಬ್ಬರ ಅಳತೆಯನ್ನು ಒಂದೊಂದು ರಟ್ಟಿನ ಚೂರಿನ ಮೇಲೆ ಬರೆದರು. ಚೂರುಗಳನ್ನು ಚೆನ್ನಾಗಿ ಕಲಸಿ, ಕಣ್ಣುಮುಚ್ಚಿ ಎತ್ತಿದಂತೆ ಒಂದೊಂದಾಗಿ ತೆಗೆದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ಮತ್ತು ಏರಿಳಿತವನ್ನು ಲೆಕ್ಕ ಹಾಕಿದರು. ತಮ್ಮ ಸೂತ್ರ ಹೇಳಿದ್ದಕ್ಕೂ ಈ 750 ಗುಂಪುಗಳಿಂದ ಬಂದದ್ದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು.

ಅದೃಷ್ಟದ ಆಟವನ್ನು ನಾವೇ ನೂರಾರು ಬಾರಿ ಆಡಿ ನೋಡಿ, ಏನಾಗುತ್ತದೆ ಎಂದು ತಿಳಿಯುವ ಈ ವಿಧಾನಕ್ಕೆ ಇಂದು ಸಿಮ್ಯುಲೇಷನ್ ಎನ್ನುತ್ತೇವೆ. ಈಗ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಮಾಡುವ ಕೆಲಸವನ್ನು ಗಾಸೆಟ್ ರಟ್ಟಿನ ಚೂರುಗಳಲ್ಲಿ ಮಾಡಿದ್ದರು.

1908ರಲ್ಲಿ ಈ ಲೇಖನ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಬಂತು. ಉದ್ಯೋಗಿಗಳು ತಮ್ಮ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದಕ್ಕೆ ಗಿನ್ನೆಸ್ ಒಪ್ಪುತ್ತಿರಲಿಲ್ಲ. ಹಾಗಾಗಿ ಲೇಖಕರ ಜಾಗದಲ್ಲಿ ಸ್ಟೂಡೆಂಟ್ ಎಂದಷ್ಟೇ ಇತ್ತು. ಮುಂದಿನ ಸುಮಾರು ಮೂವತ್ತು ವರ್ಷ ಅವರು ಅದೇ ಹೆಸರಿನಲ್ಲಿ ಬರೆದರು.

ಹತ್ತು ರೋಗಿಗಳ ನಿದ್ದೆ

ಅದೇ ಲೇಖನದಲ್ಲಿ ಗಾಸೆಟ್ ಬಳಸಿದ ಒಂದು ಉದಾಹರಣೆ ನಮ್ಮ ಇಂದಿನ ಮಾತಿನ ತಿರುಳು. ಅಮೆರಿಕದ ಮಿಷಿಗನ್‌ನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ಎರಡು ನಿದ್ರೆ ಔಷಧಿ ಕೊಟ್ಟು ನೋಡಿದ್ದರು. ಔಷಧಿ ಇಲ್ಲದ ದಿನಕ್ಕಿಂತ ಎಷ್ಟು ಹೆಚ್ಚು ನಿದ್ದೆ ಬಂತು ಎಂಬುದು ಲೆಕ್ಕ. ಮುಖ್ಯ ವಿಷಯ: ಎರಡೂ ಔಷಧಿಯನ್ನು ಬೇರೆ ಬೇರೆ ದಿನಗಳಲ್ಲಿ ಅದೇ ಹತ್ತು ಮಂದಿಗೆ ಕೊಡಲಾಗಿತ್ತು.

ಮೊದಲ ಔಷಧಿಯಿಂದ ಸರಾಸರಿ 45 ನಿಮಿಷ ಹೆಚ್ಚು ನಿದ್ದೆ ಬಂತು. ಎರಡನೆಯದರಿಂದ 2 ಗಂಟೆ 20 ನಿಮಿಷ. ವ್ಯತ್ಯಾಸ 95 ನಿಮಿಷ. ಆದರೆ ರೋಗಿಯಿಂದ ರೋಗಿಗೆ ವಿಪರೀತ ಏರಿಳಿತ ಇತ್ತು. ಮೊದಲ ಔಷಧಿ ತೆಗೆದುಕೊಂಡಾಗ ಒಬ್ಬರಿಗೆ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಕಡಿಮೆಯಾಯಿತು, ಇನ್ನೊಬ್ಬರಿಗೆ ಮೂರೂವರೆ ಗಂಟೆಗೂ ಹೆಚ್ಚು ಜಾಸ್ತಿಯಾಯಿತು. ಇಷ್ಟು ಗದ್ದಲದ ನಡುವೆ 95 ನಿಮಿಷ ನಿಜವೋ, ಆಕಸ್ಮಿಕವೋ?

ಇಲ್ಲಿ ಎರಡು ರೀತಿ ಲೆಕ್ಕ ಹಾಕಬಹುದು.

ಮೊದಲನೆಯದು, ಇವು ಬೇರೆ ಬೇರೆ ಹತ್ತು ಮಂದಿಯ ಎರಡು ಗುಂಪು ಎಂದು ಭಾವಿಸುವುದು. ಆಗ 95 ನಿಮಿಷದ ಅಂದಾಜಿನಲ್ಲಿ ಇರಬಹುದಾದ ಸಾಮಾನ್ಯ ತಪ್ಪು ಸುಮಾರು 51 ನಿಮಿಷ. ತಪ್ಪೇ ಇಷ್ಟು ದೊಡ್ಡದಿದ್ದರೆ ಧೈರ್ಯವಾಗಿ ಏನೂ ಹೇಳಲಾಗದು.

ಎರಡನೆಯದು, ಪ್ರತಿ ರೋಗಿಯನ್ನೂ ಅವರೊಂದಿಗೇ ಹೋಲಿಸುವುದು. ಈ ರೋಗಿಗೆ ಎರಡನೇ ಔಷಧಿ ಮೊದಲನೆಯದಕ್ಕಿಂತ ಎಷ್ಟು ಹೆಚ್ಚು ನಿದ್ದೆ ಕೊಟ್ಟಿತು? ಹೀಗೆ ಹತ್ತು ವ್ಯತ್ಯಾಸ ಬರೆದುಕೊಂಡು, ಅವುಗಳ ಸರಾಸರಿ ತೆಗೆಯುವುದು. ಸರಾಸರಿ ಅದೇ 95 ನಿಮಿಷ. ಆದರೆ ಸಾಮಾನ್ಯ ತಪ್ಪು ಕೇವಲ 23 ನಿಮಿಷಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೇ ಔಷಧಿಯೇ ಹೆಚ್ಚು ನಿದ್ದೆ ಕೊಟ್ಟಿತ್ತು, ಒಬ್ಬರಿಗೆ ಎರಡೂ ಒಂದೇ. ಈಗ ಉತ್ತರ ಸ್ಪಷ್ಟ.

ಅಂಕಿಗಳು ಅವೇ, ರೋಗಿಗಳು ಅವರೇ. ಬದಲಾದದ್ದು ಹೋಲಿಸುವ ರೀತಿ ಮಾತ್ರ. ಬೇರೆ ಬೇರೆ ಜನರನ್ನು ಬಳಸಿ ಇದೇ 23 ನಿಮಿಷದ ನಿಖರತೆ ಪಡೆಯಬೇಕಾದರೆ, ಏರಿಳಿತ ಇಷ್ಟೇ ಇದ್ದಲ್ಲಿ, ಪ್ರತಿ ಗುಂಪಿನಲ್ಲೂ 10ರ ಬದಲು ಸುಮಾರು 48 ಮಂದಿ ಬೇಕಾಗುತ್ತಿದ್ದರು.

ಇದು ಹೇಗೆ ಸಾಧ್ಯ? ಕೆಲವರು ಸಹಜವಾಗಿಯೇ ಔಷಧಿಗೆ ಬೇಗ ನಿದ್ದೆ ಹೋಗುವವರು, ಕೆಲವರು ಏನು ಕೊಟ್ಟರೂ ಎಚ್ಚರವಿರುವವರು. ಎರಡು ಬೇರೆ ಗುಂಪುಗಳನ್ನು ಹೋಲಿಸಿದರೆ ಈ ಗುಂಪಿನ ಏರಿಳಿತಕ್ಕೆ ಆ ಗುಂಪಿನ ಏರಿಳಿತ ಸೇರಿಕೊಳ್ಳುತ್ತದೆ. ಸರಾಸರಿಗಳನ್ನು ನಾವು ಕಳೆಯುತ್ತೇವೆ, ಏರಿಳಿತಗಳು ಮಾತ್ರ ಕೂಡುತ್ತವೆ. ಅದೇ ವ್ಯಕ್ತಿಯನ್ನು ಅದೇ ವ್ಯಕ್ತಿಯಿಂದ ಕಳೆದಾಗ ಎರಡೂ ಕಡೆ ಸಮಾನವಾಗಿರುವ ಅವರ ಸ್ವಭಾವ ಹೊರಟುಹೋಗುತ್ತದೆ. ಉಳಿಯುವುದು ಬಹುಪಾಲು ಔಷಧಿಯ ವ್ಯತ್ಯಾಸ.

ಕೂರಿಗೆಯ ಎಡಕ್ಕೊಂದು, ಬಲಕ್ಕೊಂದು

ಹೊಲದಲ್ಲಿ ಇದನ್ನು ಮಾಡುವುದು ಹೇಗೆ? ಒಂದೇ ಜಾಗದಲ್ಲಿ ಒಂದೇ ವರ್ಷ ಎರಡು ತಳಿ ಬೆಳೆಯಲಾಗದು. ಆದರೆ ಪಕ್ಕಪಕ್ಕದಲ್ಲಿ ಬೆಳೆಯಬಹುದು. ಇಂಗ್ಲೆಂಡಿನ ಬಾರ್ಲಿ ತಜ್ಞ ಬೀವನ್ ಇದಕ್ಕೊಂದು ಉಪಾಯ ಬಳಸುತ್ತಿದ್ದರು, ಗಾಸೆಟ್ ಅದನ್ನು ಬಹಳ ಮೆಚ್ಚಿ ಅದರ ಲೆಕ್ಕವನ್ನು ಬೆಳೆಸಿದರು. ಬಿತ್ತುವ ಕೂರಿಗೆಯ ಎಡ ಅರ್ಧಕ್ಕೆ ಒಂದು ತಳಿಯ ಬೀಜ, ಬಲ ಅರ್ಧಕ್ಕೆ ಇನ್ನೊಂದು ತಳಿಯ ಬೀಜ ತುಂಬುವುದು. ಹೊಲದ ಉದ್ದಕ್ಕೂ ಬಿತ್ತಿಕೊಂಡು ಹೋಗಿ, ತಿರುಗಿ, ಪಕ್ಕದಲ್ಲೇ ಬಿತ್ತುತ್ತಾ ಬರುವುದು.

ಕೂರಿಗೆ ತಿರುಗಿದಾಗ ಎಡ ಬಲ ಅದಲು ಬದಲಾಗುತ್ತದೆ. ಹಾಗಾಗಿ ಪಟ್ಟಿಗಳು ತಾವಾಗಿಯೇ ಮೊದಲ ತಳಿ, ಎರಡನೇ ತಳಿ, ಎರಡನೇ ತಳಿ, ಮೊದಲ ತಳಿ ಎಂಬ ಕ್ರಮದಲ್ಲಿ ಬೀಳುತ್ತವೆ. ಹೊಲದ ಒಂದು ಬದಿಯಿಂದ ಇನ್ನೊಂದು ಬದಿಗೆ ಮಣ್ಣಿನ ಸಾರ ಒಂದೇ ಸಮನೆ ಹೆಚ್ಚುತ್ತಾ ಹೋಗುತ್ತದೆ ಎನ್ನಿ. ಮೊದಲ ಜೋಡಿಯಲ್ಲಿ ಎರಡನೇ ತಳಿಗೆ ಸಿಕ್ಕ ಲಾಭ, ಮುಂದಿನ ಜೋಡಿಯಲ್ಲಿ ಮೊದಲ ತಳಿಗೆ ಸಿಗುತ್ತದೆ. ಎರಡನ್ನೂ ಸೇರಿಸಿದರೆ ಮಣ್ಣಿನ ಪಕ್ಷಪಾತ ಕಳೆದುಹೋಗುತ್ತದೆ.

20,000 ಮಕ್ಕಳು, ದೊಡ್ಡ ಎಡವಟ್ಟು

ಬಿಯರಿಗೂ ಬಾರ್ಲಿಗೂ ಹುಟ್ಟಿದ ಈ ಯೋಚನೆ 1931ರಲ್ಲಿ ಮಕ್ಕಳ ಹಾಲಿನ ವಿಷಯಕ್ಕೆ ಬಂತು.

ಅದರ ಹಿಂದಿನ ವರ್ಷ ಸ್ಕಾಟ್ಲೆಂಡಿನ ಲನಾರ್ಕ್‌ಶೈರ್ ಜಿಲ್ಲೆಯಲ್ಲಿ ಭಾರಿ ಪ್ರಯೋಗ ನಡೆದಿತ್ತು. 67 ಶಾಲೆ, 20,000 ಮಕ್ಕಳು, ನಾಲ್ಕು ತಿಂಗಳು. 10,000 ಮಕ್ಕಳಿಗೆ ದಿನಕ್ಕೆ ಮುಕ್ಕಾಲು ಪಿಂಟ್, ಅಂದರೆ 400 ಮಿಲಿಲೀಟರ್‌ಗಿಂತ ತುಸು ಹೆಚ್ಚು ಹಾಲು. ಇವರಲ್ಲಿ 5,000 ಮಂದಿಗೆ ಹಸಿ ಹಾಲು, 5,000 ಮಂದಿಗೆ ಪಾಶ್ಚರೀಕರಿಸಿದ ಹಾಲು. ಉಳಿದ 10,000 ಮಕ್ಕಳಿಗೆ ಹಾಲಿಲ್ಲ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಎಲ್ಲರ ಎತ್ತರ, ತೂಕ ಅಳೆದರು. ಹಾಲು ಕುಡಿದವರು ಹೆಚ್ಚು ಬೆಳೆದರು, ಹಸಿ ಹಾಲು ಪಾಶ್ಚರೀಕರಿಸಿದ ಹಾಲು ಎರಡೂ ಸಮ ಎಂದು ವರದಿ ಬಂತು.

ಗಾಸೆಟ್ ವರದಿಯನ್ನು ಬಿಡಿಸಿ ನೋಡಿದರು. ಮೂರು ತೊಡಕು ಕಂಡವು.

ಒಂದು, ಯಾರಿಗೆ ಹಾಲು ಎಂಬುದನ್ನು ಚೀಟಿ ಎತ್ತಿಯೋ ಅಕ್ಷರಮಾಲೆಯ ಪ್ರಕಾರವೋ ನಿರ್ಧರಿಸಿದ್ದರೂ, ಒಂದು ಗುಂಪಿನಲ್ಲಿ ಪುಷ್ಟ ಮಕ್ಕಳೋ ಬಡಕಲು ಮಕ್ಕಳೋ ಹೆಚ್ಚಾದಂತೆ ಕಂಡರೆ ಶಿಕ್ಷಕರು ಬದಲಾಯಿಸಬಹುದಿತ್ತು. ಶಿಕ್ಷಕರ ಮನಸ್ಸು ಸಹಜವಾಗಿಯೇ ಬಡ ಮಕ್ಕಳ ಕಡೆ ವಾಲಿರಬೇಕು. ಫಲಿತಾಂಶ ಏನೆಂದರೆ, ಹಾಲಿಲ್ಲದ ಗುಂಪು ಪ್ರಯೋಗದ ಮೊದಲ ದಿನವೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿತ್ತು. ಇಡೀ ಪ್ರಯೋಗದ ಅವಧಿಯೇ ನಾಲ್ಕು ತಿಂಗಳು!

ಎರಡು, ಮಕ್ಕಳನ್ನು ಬಟ್ಟೆ ಸಮೇತ ತೂಗಿದ್ದರು. ಮೊದಲ ತೂಕ ಫೆಬ್ರವರಿಯ ಚಳಿಯಲ್ಲಿ, ಕೊನೆಯದು ಜೂನ್ ಬೇಸಿಗೆಯಲ್ಲಿ. ಉಳ್ಳವರ ಮಕ್ಕಳು ಚಳಿಗೆ ದಪ್ಪ ಬಟ್ಟೆ ತೊಟ್ಟು ಬೇಸಿಗೆಗೆ ಕಳಚುತ್ತಾರೆ, ಬಡ ಮಕ್ಕಳಿಗೆ ಕಳಚಲು ಅಷ್ಟು ಬಟ್ಟೆ ಇರುವುದಿಲ್ಲ. ಹಾಲಿಲ್ಲದ ಗುಂಪಿನಲ್ಲಿ ಉಳ್ಳವರ ಮಕ್ಕಳು ಹೆಚ್ಚಿದ್ದರೆ, ಕಳಚಿದ ಬಟ್ಟೆಯ ತೂಕವೇ ಅವರು ಕಡಿಮೆ ಬೆಳೆದಂತೆ ತೋರಿಸುತ್ತದೆ.

ಮೂರು, ಒಂದು ಶಾಲೆಗೆ ಒಂದೇ ಬಗೆಯ ಹಾಲು ಹೋಗಿತ್ತು. ಹಸಿ ಹಾಲು ಒಂದು ಶಾಲೆಯಲ್ಲಿ, ಪಾಶ್ಚರೀಕರಿಸಿದ್ದು ಇನ್ನೊಂದರಲ್ಲಿ. ಹಾಗಾದರೆ ಹೋಲಿಸಿದ್ದು ಹಾಲನ್ನೋ, ಊರುಗಳನ್ನೋ?

ಹಾಲಿನಿಂದ ಪ್ರಯೋಜನವಿಲ್ಲ ಎಂದು ಗಾಸೆಟ್ ಹೇಳಲಿಲ್ಲ. ಎಷ್ಟು ಪ್ರಯೋಜನ ಎಂದು ಈ ಪ್ರಯೋಗದಿಂದ ಹೇಳಲಾಗದು, ಎರಡು ಬಗೆಯ ಹಾಲು ಸಮ ಎಂಬ ತೀರ್ಮಾನಕ್ಕೂ ಇದು ಸಾಲದು ಎಂದರು. ಅವರು ಕೊಟ್ಟ ಪರಿಹಾರ ಸರಳ: ಒಂದೇ ರೂಪದ ಅವಳಿ ಮಕ್ಕಳ 50 ಜೋಡಿ ಹುಡುಕಿ. ಪ್ರತಿ ಜೋಡಿಯಲ್ಲಿ ಯಾರಿಗೆ ಯಾವ ಹಾಲು ಎಂದು ನಾಣ್ಯ ಚಿಮ್ಮಿ ನಿರ್ಧರಿಸಿ. ಹುಟ್ಟು, ಮನೆ, ಊಟ, ಬಟ್ಟೆ ಎಲ್ಲ ಇಬ್ಬರಿಗೂ ಒಂದೇ. 20,000 ಮಕ್ಕಳಿಗಿಂತ ಈ 50 ಜೋಡಿ ನಂಬಲರ್ಹ ಉತ್ತರ ಕೊಡುತ್ತವೆ, ಖರ್ಚೂ ಅತ್ಯಲ್ಪ ಎಂಬುದು ಅವರ ವಾದವಾಗಿತ್ತು.

ಇದೇ ಯೋಚನೆ ಇಂದು ಕಂಪ್ಯೂಟರಿನಲ್ಲಿ

ಈಗ ಒಂದು ಬ್ಯಾಂಕ್ ಕಲ್ಪಿಸಿಕೊಳ್ಳಿ. ಮೂರು ಕೌಂಟರ್‌ಗೆ ಮೂರು ಸಾಲು ಇರಬೇಕೋ, ಎಲ್ಲರಿಗೂ ಒಂದೇ ಸಾಲು ಇರಬೇಕೋ? ಯಾವುದರಲ್ಲಿ ಜನ ಕಡಿಮೆ ಕಾಯುತ್ತಾರೆ? ಕಂಪ್ಯೂಟರಿನಲ್ಲಿ ಎರಡೂ ವ್ಯವಸ್ಥೆ ಕಟ್ಟಿ, ರ್ಯಾಂಡಮ್ ನಂಬರ್‌ಗಳಿಂದ ಗ್ರಾಹಕರನ್ನು ಸೃಷ್ಟಿಸಿ ನಡೆಸಿ ನೋಡುತ್ತಾರೆ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದೆಲ್ಲ ಆ ಅಂಕಿಗಳಿಂದ ಬರುತ್ತದೆ.

ಮೊದಲ ವ್ಯವಸ್ಥೆಗೆ ಅಕಸ್ಮಾತ್ತಾಗಿ ಸಂಬಳದ ದಿನದಂಥ ನೂಕುನುಗ್ಗಲು ಬಂದು, ಎರಡನೆಯದಕ್ಕೆ ಖಾಲಿ ದಿನ ಬಂದರೆ? ಎರಡನೆಯದೇ ಒಳ್ಳೆಯದು ಎಂದು ಕಾಣುತ್ತದೆ. ಅದು ಸುಳ್ಳಾಗಿರಬಹುದು. ಇದಕ್ಕೆ ಪರಿಹಾರ, ಎರಡೂ ವ್ಯವಸ್ಥೆಗೆ ಅವೇ ರ್ಯಾಂಡಮ್ ನಂಬರ್ ಕೊಡುವುದು. ಅದೇ ಗ್ರಾಹಕರು, ಅದೇ ಹೊತ್ತಿಗೆ, ಅದೇ ಕೆಲಸ ಹೊತ್ತು ಎರಡೂ ಬ್ಯಾಂಕಿಗೆ ಬರುತ್ತಾರೆ. ಏಳನೇ ಗ್ರಾಹಕನಿಗೆ ಇಲ್ಲಿ ಹತ್ತು ನಿಮಿಷದ ಕೆಲಸವಿದ್ದರೆ ಅಲ್ಲೂ ಹತ್ತು ನಿಮಿಷದ್ದೇ. ಆಮೇಲೆ ಒಂದೊಂದು ದಿನದ ವ್ಯತ್ಯಾಸ ಮಾತ್ರ ನೋಡುವುದು. ಇದಕ್ಕೆ ಕಾಮನ್ ರ್ಯಾಂಡಮ್ ನಂಬರ್ಸ್ ಎಂಬ ಹೆಸರಿದೆ. ಏರಿಳಿತ ತಗ್ಗಿಸುವ ತಂತ್ರಗಳಲ್ಲಿ ಬಹಳ ಬಳಕೆಯಲ್ಲಿರುವುದು ಇದು. ಗಾಸೆಟ್ ತೀರಿಕೊಂಡ ಮೇಲೆ ಕಂಪ್ಯೂಟರ್ ಯುಗದಲ್ಲಿ ಬಂದ ತಂತ್ರವಿದು, ಅವರು ಕಂಡುಹಿಡಿದದ್ದಲ್ಲ. ಆದರೆ ಹತ್ತು ರೋಗಿಗಳ ನಿದ್ದೆಯ ಲೆಕ್ಕವನ್ನು ಓದಿದವರಿಗೆ ಇದು ಹೊಸದೆನಿಸದು.

ಇನ್ನೊಂದು ತಂತ್ರವೂ ಇದೆ. ಒಂದು ಸಲ ನೂಕುನುಗ್ಗಲಿನ ದಿನ ಬಂದರೆ, ಅದೇ ಅಂಕಿಗಳನ್ನು ತಿರುವಿ ಹಾಕಿ ಮುಂದಿನ ಸಲ ಅಷ್ಟೇ ಖಾಲಿ ದಿನ ಬರುವಂತೆ ಮಾಡುವುದು. ಎರಡರ ಸರಾಸರಿ ತೆಗೆದರೆ ಅತಿಗಳು ಒಂದನ್ನೊಂದು ಕಡಿಯುತ್ತವೆ. ಇದಕ್ಕೆ ಆಂಟಿಥೆಟಿಕ್ ವಿಧಾನ ಎನ್ನುತ್ತಾರೆ. ತಿರುಗಿ ಬಂದ ಕೂರಿಗೆ ಮಣ್ಣಿನ ಸಾರವನ್ನು ಸರಿದೂಗಿಸಿದ್ದನ್ನು ನೆನಪಿಸಿಕೊಳ್ಳಿ.

ಒಂದು ಎಚ್ಚರಿಕೆ. ಜೋಡಿ ಮಾಡಿದರೆ ಯಾವಾಗಲೂ ಲಾಭ ಎಂದಲ್ಲ. ಜೋಡಿಯಲ್ಲಿರುವ ಎರಡೂ ಒಂದೇ ದಿಕ್ಕಿನಲ್ಲಿ ಏರಿಳಿದರೆ ಮಾತ್ರ ಗದ್ದಲ ಕಳೆಯುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುವಂತಿದ್ದರೆ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ.

ಗೆಳೆಯನೊಂದಿಗೆ ಜಗಳ, ಕೊನೆಯ ದಿನಗಳು

ಗಾಸೆಟ್ ಲೆಕ್ಕವನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ಮುಖ್ಯರು ರೊನಾಲ್ಡ್ ಫಿಶರ್. ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದಾಗ, 1912ರಲ್ಲೇ, ಗಾಸೆಟ್ ಸೂತ್ರಕ್ಕೆ ಗಣಿತದ ಪಕ್ಕಾ ಸಾಧನೆ ಬರೆದು ಕಳುಹಿಸಿದ್ದರು. 1920ರ ದಶಕದಲ್ಲಿ ಅದನ್ನು ಇಂದಿನ ಟಿ ಟೆಸ್ಟ್ ರೂಪಕ್ಕೆ ತಂದರು. ಇಬ್ಬರೂ ವರ್ಷಗಟ್ಟಲೆ ಪತ್ರ ಬರೆದುಕೊಂಡರು.

ಕೊನೆಗೆ ಇದೇ ಜೋಡಿಯ ವಿಷಯಕ್ಕೆ ಭಿನ್ನಾಭಿಪ್ರಾಯ ಬಂತು. ಯಾವ ತುಂಡಿನಲ್ಲಿ ಯಾವ ತಳಿ ಎಂದು ಚೀಟಿ ಎತ್ತಿಯೇ ನಿರ್ಧರಿಸಬೇಕು, ಇಲ್ಲದಿದ್ದರೆ ತಪ್ಪಿನ ಅಳತೆಯನ್ನೇ ನಂಬಲಾಗದು ಎಂದರು ಫಿಶರ್. ಮಣ್ಣಿನ ಸಾರ ಹೇಗೆ ಬದಲಾಗುತ್ತದೆ ಎಂದು ಗೊತ್ತಿರುವಾಗ ಅದನ್ನು ಚೀಟಿಯ ಅದೃಷ್ಟಕ್ಕೆ ಬಿಡುವುದೇಕೆ, ಸಮತೋಲನ ಮಾಡಿ ಎಂದರು ಗಾಸೆಟ್. ಇಂದು ಸಂಶೋಧಕರು ಇಬ್ಬರ ಮಾತನ್ನೂ ಕೇಳುತ್ತಾರೆ: ಮೊದಲು ಸಮಾನವಾದ ಜೋಡಿ ಮಾಡು, ಆಮೇಲೆ ಜೋಡಿಯೊಳಗೆ ನಾಣ್ಯ ಚಿಮ್ಮು. ಅವಳಿ ಮಕ್ಕಳಿಗೆ ಗಾಸೆಟ್ ಸೂಚಿಸಿದ್ದೂ ಹೆಚ್ಚು ಕಡಿಮೆ ಇದನ್ನೇ.

ಕೆಲಸದಾಚೆ ಅವರು ಮೀನು ಹಿಡಿಯುವ, ಮರಗೆಲಸ ಮಾಡುವ, ದೋಣಿ ಕಟ್ಟುವ, ಹಣ್ಣಿನ ಗಿಡ ಬೆಳೆಸುವ ಮನುಷ್ಯ. 1935ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಗಿನ್ನೆಸ್ ಕಟ್ಟುತ್ತಿದ್ದ ಹೊಸ ಕಾರ್ಖಾನೆಗೆ ಹೋದರು. 1937ರ ಅಕ್ಟೋಬರ್ 16ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡರು. ಸಮತೋಲನ ಮೇಲೋ, ಚೀಟಿ ಮೇಲೋ ಎಂಬ ಚರ್ಚೆಯ ಬಗ್ಗೆ ಅವರು ಬರೆದ ಕೊನೆಯ ಲೇಖನ ಅಚ್ಚಾದದ್ದು ಮರುವರ್ಷ, ಅದೇ ಸ್ಟೂಡೆಂಟ್ ಹೆಸರಿನಲ್ಲಿ.

ಮುಂದಿನ ಫಾರ್ವರ್ಡ್ ಬಂದಾಗ

ಪುಡಿಯೋ ಕಷಾಯವೋ ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿದೆ ಎಂದು ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ.

ಯಾರೊಂದಿಗೆ ಹೋಲಿಸಿದರು? ದುಬಾರಿ ಪುಡಿ ಕೊಳ್ಳುವ ಮನೆಯ ಮಕ್ಕಳಿಗೆ ಊಟ, ಆರೈಕೆ ಎಲ್ಲವೂ ಹೆಚ್ಚೇ ಸಿಗುತ್ತಿರಬಹುದು.

ಶುರುವಿನಲ್ಲಿ ಇಬ್ಬರೂ ಸಮ ಇದ್ದರೇ? ಯಾರಿಗೆ ಯಾವುದು ಎಂದು ನಿರ್ಧರಿಸಿದ್ದು ನಾಣ್ಯವೋ, ಯಾರದೋ ಮನಸ್ಸೋ?

ಅಳತೆಯ ನಡುವೆ ಬೇರೇನು ಬದಲಾಯಿತು? ಕಷಾಯ ಶುರುಮಾಡಿದ ದಿನವೇ ಸಿಹಿ ಬಿಟ್ಟು ವಾಕಿಂಗ್ ಹೊರಟಿದ್ದರೆ, ಸಕ್ಕರೆ ಇಳಿಸಿದ್ದು ಯಾವುದು? ಲನಾರ್ಕ್‌ಶೈರ್‌ನಲ್ಲಿ ಬಟ್ಟೆಯ ತೂಕ ಮಾಡಿದ ಕೆಲಸವನ್ನು ಇಲ್ಲಿ ವಾಕಿಂಗ್ ಮಾಡಿರಬಹುದು.

ಈ ಮೂರಕ್ಕೂ ಉತ್ತರ ಸಿಗದಿದ್ದರೆ, ಸಂಖ್ಯೆ ಎಷ್ಟೇ ದೊಡ್ಡದಿರಲಿ, ಫಾರ್ವರ್ಡ್ ಬಟನ್ ಒತ್ತದೆ ಸುಮ್ಮನಿರೋಣ.